ಹೊಸಬರಿಗೆ ಒಂದು ದಿನದ ಬೆಟ್ಟ: ನಂಜನಗೂಡು, ತಿರುಮಕೂಡಲು ಸೀಮೆಯ ಸುತ್ತ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಕಪಿಲೆ, ಕಾವೇರಿಗಳ ನಾಲೆಗಳ ಕೆಳಗೆ ಭತ್ತ, ಕಬ್ಬು, ಬಾಳೆ ಬೆಳೆಯುವ ಬಯಲು ನಾಡಾಗಿದ್ದು, ಹೊಯ್ಸಳ ಶೈಲಿಯ ಲಕ್ಷ್ಮೀಕಾಂತ ದೇವಾಲಯವನ್ನು ಉಳಿಸಿಕೊಂಡಿರುವ ಹೆಡತಲೆಯಂಥ ಊರುಗಳ ಜನರಿಗೆ ದೊಡ್ಡ ಬೆಟ್ಟವೆಂಬುದು ದಿನನಿತ್ಯದ ಓಡಾಟದ ಭಾಗವಲ್ಲ. ಆದರೂ ಈ ಬಯಲಿನ ಉತ್ತರಕ್ಕೆ ಚಾಮುಂಡಿ ಬೆಟ್ಟ, ದಕ್ಷಿಣಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಗಳ ಸಾಲು, ಅದರಾಚೆಗೆ ಮಲೆ ಮಹದೇಶ್ವರನ ಎಪ್ಪತ್ತೇಳು ಮಲೆಗಳು ಹರಡಿಕೊಂಡಿದ್ದು, ಬೆಳಿಗ್ಗೆ ಮನೆ ಬಿಟ್ಟು ಬೆಟ್ಟ ಹತ್ತಿಳಿದು ರಾತ್ರಿಯ ಊಟಕ್ಕೆ ಮನೆ ಸೇರುವಷ್ಟು ಹತ್ತಿರದಲ್ಲಿ ಇವುಗಳಲ್ಲಿ ಕೆಲವಾದರೂ ಇವೆ. ಹಿಂದೆ ಹರಕೆ ಹೊತ್ತವರು ಮಾತ್ರ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದ ಇಂಥ ಜಾಗಗಳಿಗೆ ಈಗ ರಜಾದಿನಗಳಲ್ಲಿ ನಡಿಗೆಯ ಖುಷಿಗಾಗಿಯೇ ಬರುವ ಯುವಕ ಯುವತಿಯರು, ಕಚೇರಿಯ ಗೆಳೆಯರ ಗುಂಪುಗಳು, ಮಕ್ಕಳನ್ನು ಕರೆದುಕೊಂಡ ಸಂಸಾರಸ್ಥರು ಹೆಚ್ಚಾಗಿದ್ದಾರೆ.

ಚಾರಣವೆಂದರೆ ವಾಹನ ಹೋಗದ ದಾರಿಯಲ್ಲಿ, ತನ್ನ ನೀರು ಬುತ್ತಿಗಳನ್ನು ತಾನೇ ಹೊತ್ತು, ತನ್ನ ಕಾಲ ಮೇಲೆ ಹೋಗಿ ಬರುವ ನಡಿಗೆ. ಅದರಲ್ಲಿ ಒಂದು ದಿನದ ಚಾರಣಕ್ಕೆ ಡೇರೆಯಾಗಲಿ, ಅಡುಗೆಯ ಸಾಮಾನಾಗಲಿ ಬೇಕಿಲ್ಲದ ಕಾರಣ ಹೊಸಬರು ಮೊದಲು ಆರಿಸಿಕೊಳ್ಳುವುದು ಇದನ್ನೇ, ಮತ್ತು ಆ ಆಯ್ಕೆ ಸರಿಯಾದದ್ದೇ. ಆದರೆ ಎಷ್ಟು ಎತ್ತರ ಹತ್ತಬೇಕು, ತುದಿಯಿಂದ ಏನು ಕಾಣುತ್ತದೆ ಎಂಬುದರ ಮೇಲೆಯೇ ಬಹುತೇಕರು ಬೆಟ್ಟವನ್ನು ಆರಿಸುತ್ತಾರೆ. ಇಳಿಯುವ ದಾರಿ ಎಂಥದ್ದು, ಇಳಿಯುವ ಹೊತ್ತಿಗೆ ಬೆಳಕು ಎಷ್ಟು ಉಳಿದಿರುತ್ತದೆ, ಇಳಿಯುವಾಗ ಕಾಲಿನಲ್ಲಿ ಶಕ್ತಿ ಎಷ್ಟು ಇರುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ಒಗ್ಗುವ ಬೆಟ್ಟವನ್ನು ಹುಡುಕುವುದೇ ಹೊಸಬರಿಗೆ ಕ್ಷೇಮವಾದ ಕ್ರಮ.

ಊರಿಗೆ ಹತ್ತಿರವಿರುವ ಬೆಟ್ಟ ಸುಲಭದ್ದು ಎಂಬ ಭಾವನೆ ಕನ್ನಡ ನಾಡಿಗೆ ಮಾತ್ರ ಸೀಮಿತವಾದದ್ದಲ್ಲ. ಕಾಶ್ಮೀರದ ಗುಲ್ಮರ್ಗ್‌ನಲ್ಲಿ ಅಫರ್ವಟ್ ಪರ್ವತದ ಹೆಗಲಿನವರೆಗೆ, ಸಮುದ್ರಮಟ್ಟದಿಂದ ಸುಮಾರು 3,950 ಮೀಟರ್ ಎತ್ತರಕ್ಕೆ, ಗೊಂಡೋಲಾ ಎಂದು ಕರೆಯುವ ತೂಗುಪೆಟ್ಟಿಗೆಯ ಸಾರಿಗೆ ಇದ್ದು, ಅಲ್ಲಿಂದ ಹಿಮದ ಮೇಲೆ ಸ್ಕೀ ಹಲಗೆ ಕಟ್ಟಿಕೊಂಡು ಇಳಿಯುವವರು ಕಾವಲುಗಾರರು ಪರೀಕ್ಷಿಸಿದ ಇಳಿಜಾರನ್ನು ಬಿಟ್ಟು ಪಕ್ಕದ ಕಣಿವೆಗೆ ಸರಿದರೆ ಯಾರೂ ನೋಡಿಕೊಳ್ಳದ ಹಿಮದೊಳಗೆ ಹೋದಂತಾಗುತ್ತದೆ. ಸುಮಾರು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಹಳೆಯ ಹಿಮದ ಮೇಲೆ ಕೂತ ಹೊಸ ಹಿಮದ ಪದರ ಹಾಸುಹಾಸಾಗಿ ಜಾರುವ ಹಿಮಪಾತಕ್ಕೆ 2023ರ ಫೆಬ್ರವರಿಯಲ್ಲಿ ಇಬ್ಬರು, 2024ರ ಫೆಬ್ರವರಿಯಲ್ಲಿ ಒಬ್ಬರು ವಿದೇಶಿ ಸ್ಕೀಗಾರರು ಅಲ್ಲಿ ಬಲಿಯಾದರು. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು ಇದೇ ಗುಲ್ಮರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟವರು; ಹಿಮವೇ ಬೀಳದ ರಾಜ್ಯದಿಂದ ಹೋದವರಿಗೂ ಆ ವಿದ್ಯೆ ದಕ್ಕುತ್ತದೆ, ಆದರೆ ಅದು ವರ್ಷಗಳ ಶಿಸ್ತಿನಿಂದ ದಕ್ಕುವಂಥದ್ದು ಎಂಬುದಕ್ಕೆ ಅವರ ಸಾಧನೆಯೇ ಸಾಕ್ಷಿ. ಸ್ಕೀಗೂ ಚಾರಣಕ್ಕೂ ಸಮಾನವಾದ ಸಂಗತಿಯೊಂದಿದೆ: ಬಸ್ಸು, ಹೋಟೆಲು, ಜನರ ಗದ್ದಲ ಕಣ್ಣಳತೆಯಲ್ಲಿರುವಾಗ ಮನುಷ್ಯನ ಎಚ್ಚರ ಸಡಿಲಗೊಳ್ಳುತ್ತದೆ, ಬೆಟ್ಟದ ಸ್ವಭಾವ ಮಾತ್ರ ಬದಲಾಗುವುದಿಲ್ಲ.

ಇದಕ್ಕೆ ತಿರುಮಕೂಡಲು ಸೀಮೆಯಲ್ಲೇ ನೋವಿನ ನಿದರ್ಶನವಿದೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗಿನ ಮೂರು ತಿಂಗಳಲ್ಲಿ ಆ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಪ್ರಾಣ ಕಳೆದುಕೊಂಡರು. ಅವರಲ್ಲಿ ಮೊದಲನೆಯವನು ಊರ ಬಳಿಯ ಸಣ್ಣದೊಂದು ದೇವರ ಬೆಟ್ಟಕ್ಕೆ ಹೋಗಿದ್ದ ವಿದ್ಯಾರ್ಥಿ. ದಟ್ಟ ಕಾಡೇ ಇಲ್ಲದ, ಕಬ್ಬಿನ ಗದ್ದೆ ಮತ್ತು ಕುರುಚಲು ಗುಡ್ಡಗಳ ನಾಡಿನಲ್ಲಿ ಇಂಥದ್ದು ನಡೆಯಬಹುದೆಂದು ಬಹಳ ಜನ ಎಣಿಸಿರಲಿಲ್ಲ. ಚಿರತೆಗೆ ದೊಡ್ಡ ಕಾಡು ಬೇಕಿಲ್ಲ. ದೊಡ್ಡ ಬಂಡೆಗಳ ಸಂದಿಯಲ್ಲಿ ಅಥವಾ ಎತ್ತರವಾಗಿ ಬೆಳೆದ ಕಬ್ಬಿನಲ್ಲಿ ಹಗಲೆಲ್ಲ ಅಡಗಿದ್ದು ಸಂಜೆಯ ಮಬ್ಬಿನಲ್ಲಿ ನಾಯಿ, ಮೇಕೆಗಳನ್ನು ಹುಡುಕುತ್ತ ಹೊರಡುವ ಈ ಪ್ರಾಣಿಗೆ ಬಯಲು ಸೀಮೆಯ ಗುಡ್ಡಗಳು ಒಳ್ಳೆಯ ನೆಲೆ. ಆದ್ದರಿಂದ ಬೆಳಕು ಹರಿದ ಮೇಲೆ ಹತ್ತಿ ಬೆಳಕಿರುವಾಗಲೇ ಇಳಿಯುವುದು, ಒಬ್ಬಂಟಿಯಾಗಿ ಹೋಗದಿರುವುದು, ಮಕ್ಕಳನ್ನು ಗುಂಪಿನ ಹಿಂದೆ ಬಿಡದೆ ನಡುವೆ ನಡೆಸುವುದು, ಬಂಡೆಯ ಸಂದಿಗಳಲ್ಲಿ ಕುಕ್ಕರುಗಾಲಿನಲ್ಲಿ ಕೂರದಿರುವುದು ಈ ಸೀಮೆಯ ಯಾವ ಬೆಟ್ಟಕ್ಕೂ ಅನ್ವಯಿಸುವ ಮೊದಲ ನಿಯಮಗಳು.

ಹೊಸಬರ ಪಾಠ ಆರಂಭವಾಗಬೇಕಾದದ್ದು ಮೆಟ್ಟಿಲುಗಳಿರುವ ಬೆಟ್ಟದಿಂದ. ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ ಕಾವೇರಿ ತಿರುವು ತೆಗೆದುಕೊಳ್ಳುವ ಜಾಗದ ಪಕ್ಕದಲ್ಲೇ ಎದ್ದಿರುವ ಬೆಟ್ಟದ ಮೇಲೆ ಮಲ್ಲಿಕಾರ್ಜುನನ ದೇವಾಲಯವಿದ್ದು, ತಲಕಾಡಿನ ಪಂಚಲಿಂಗ ದರ್ಶನದ ಐದು ಶಿವಾಲಯಗಳಲ್ಲಿ ಇದೂ ಒಂದು. ಬೆಟ್ಟ ಚಿಕ್ಕದು, ಹತ್ತಲು ಹೆಚ್ಚು ಹೊತ್ತು ಬೇಡ, ಮೇಲೆ ನಿಂತರೆ ಹೊಳೆಯ ಮರಳು ಮತ್ತು ಎರಡೂ ದಡದ ಹಸಿರು ಒಟ್ಟಿಗೆ ಕಾಣುತ್ತದೆ. ವರ್ಷಗಟ್ಟಲೆ ವ್ಯಾಯಾಮವಿಲ್ಲದೆ ಕುಳಿತವರು ತಮ್ಮ ಉಸಿರು ಎಷ್ಟಕ್ಕೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿ ಸಿಗುವುದು ಕಷ್ಟ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಇಂಥದ್ದೇ ಇನ್ನೊಂದು. ಜೈನೇಂದ್ರ ವ್ಯಾಕರಣವನ್ನು ರಚಿಸಿದ ಪೂಜ್ಯಪಾದರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಈ ಜೈನ ಕ್ಷೇತ್ರದಲ್ಲಿ ಪಾರ್ಶ್ವನಾಥ ಬಸದಿಯವರೆಗೆ ಮೆಟ್ಟಿಲಿದ್ದು, ನಡಿಗೆ ಬೇಗ ಮುಗಿದರೂ ನೋಡುವುದಕ್ಕೆ ಬೇಕಾದಷ್ಟಿದೆ.

ಈ ಎರಡರ ಬಳಿಕ ಚಾಮುಂಡಿ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರವಿರುವ ಈ ಬೆಟ್ಟದ ಪಾದದಿಂದ ತುದಿಗೆ ಹತ್ತಬೇಕಾದದ್ದು ಹೆಚ್ಚು ಕಡಿಮೆ 300 ಮೀಟರ್, ಮೆಟ್ಟಿಲುಗಳು ಸಾವಿರದಷ್ಟಿವೆ. ಮೆಟ್ಟಿಲುಗಳನ್ನು ಕಟ್ಟಿಸಿದ್ದೂ ಅವುಗಳ ನಡುವೆ ಸುಮಾರು 700ನೆಯದರ ಆಸುಪಾಸಿನಲ್ಲಿ 16 ಅಡಿ ಎತ್ತರದ ನಂದಿಯನ್ನು ಬಂಡೆಯಲ್ಲಿ ಕಡೆಸಿದ್ದೂ 17ನೇ ಶತಮಾನದಲ್ಲಿ ಆಳಿದ ದೊಡ್ಡದೇವರಾಜ ಒಡೆಯರ ಕಾಲದಲ್ಲಿ. ನಂದಿಯ ಬಳಿ ರಸ್ತೆಯೂ ಬಂದು ಸೇರುತ್ತದಾದ್ದರಿಂದ ಅಲ್ಲಿಯವರೆಗೆ ಹತ್ತಿ ಸುಸ್ತಾದವರು ಅವಮಾನವೆಂದು ಭಾವಿಸದೆ ರಸ್ತೆಯಲ್ಲಿ ಇಳಿದುಹೋಗಬಹುದು. ಅರ್ಧದಾರಿಯಲ್ಲಿ ಬಿಟ್ಟು ಹೊರಡಲು ಅವಕಾಶವಿರುವ ಬೆಟ್ಟ ಹೊಸಬರಿಗೆ ಸಿಗುವುದು ಅಪರೂಪ, ಮತ್ತು ಚಾಮುಂಡಿಯ ನಿಜವಾದ ಉಪಯೋಗ ಇರುವುದು ಅದರಲ್ಲೇ.

ಆಷಾಢ ಶುಕ್ರವಾರಗಳಂದು ಈ ಮೆಟ್ಟಿಲುಗಳಲ್ಲಿ ಹತ್ತುವ ಹೆಂಗಸರನ್ನು ಗಮನಿಸಿದವರಿಗೆ ನಡಿಗೆಯ ಒಂದು ಗುಟ್ಟು ಗೊತ್ತಾಗುತ್ತದೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿನಲ್ಲೂ ಬಾಗಿ, ಒಂದು ಬೆರಳಲ್ಲಿ ಅರಿಶಿನ, ಇನ್ನೊಂದರಲ್ಲಿ ಕುಂಕುಮ ತೆಗೆದು ಕಲ್ಲಿನ ಅಂಚಿಗೆ ಹಚ್ಚಿ, ನೆಟ್ಟಗಾಗಿ, ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಾರೆ. ಹೀಗೆ ಹತ್ತುವವರಲ್ಲಿ ವಯಸ್ಸಾದವರೂ ಇದ್ದು, ಓಡುತ್ತ ಹತ್ತಿದ ಹುಡುಗರು ಐವತ್ತು ಮೆಟ್ಟಿಲಿಗೊಮ್ಮೆ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂರುವಾಗ ಇವರು ನಿಲ್ಲದೆ ಸಾಗುತ್ತಿರುತ್ತಾರೆ. ಬೆಟ್ಟ ಹತ್ತುವ ವೇಗವನ್ನು ಉಸಿರು ನಿರ್ಧರಿಸಬೇಕು, ಮಾತಾಡುತ್ತ ಹತ್ತಲು ಆಗುವಷ್ಟೇ ವೇಗ ಸರಿಯಾದ ವೇಗ ಎಂಬುದು ಎಲ್ಲ ಕಡೆಯ ಮಾರ್ಗದರ್ಶಕರೂ ಒಪ್ಪುವ ಮಾತು. ಏದುಸಿರು ಬರುವಂತೆ ಹತ್ತಿದಾಗ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬೇಗ ಕರಗಿ, ಇಳಿಯುವ ಹೊತ್ತಿಗೆ ಕಾಲುಗಳು ಸೋತಿರುತ್ತವೆ.

ಇಳಿಯುವಾಗ ಸೋತ ಕಾಲು ಎಷ್ಟು ಅಪಾಯಕಾರಿ ಎಂಬುದಕ್ಕೆ ದೇಹದ ರಚನೆಯಲ್ಲೇ ಕಾರಣವಿದೆ. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತ ಕೆಲಸ ಮಾಡಿದರೆ, ಇಳಿಯುವಾಗ ಅದೇ ಸ್ನಾಯು ಮೈಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಹೀಗೆ ಹಿಗ್ಗುತ್ತ ಭಾರ ಹೊರುವ ಕೆಲಸದಲ್ಲಿ ಸ್ನಾಯುವಿನ ಸೂಕ್ಷ್ಮ ಎಳೆಗಳು ಹರಿಯುವುದರಿಂದ, ಹತ್ತಿದ ದಿನ ಏನೂ ಅನಿಸದೆ ಮರುದಿನ ಮತ್ತು ಅದರ ಮರುದಿನ ತೊಡೆ ಬಿಗಿದು, ಮನೆಯ ಹೊಸ್ತಿಲು ದಾಟುವುದೂ ಕಷ್ಟವಾಗುತ್ತದೆ. ಜೊತೆಗೆ ಪ್ರತಿ ಹೆಜ್ಜೆಯಲ್ಲೂ ಮಂಡಿಚಿಪ್ಪಿನ ಹಿಂದಿನ ಮೃದುವಾದ ಎಲುಬಿನ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳಲ್ಲಿ ಚಾರಣಿಗರು ಬಿದ್ದ ಪ್ರಕರಣಗಳನ್ನು ಅಭ್ಯಸಿಸಿದವರು ಅವುಗಳಲ್ಲಿ ಬಹುಪಾಲು ಇಳಿಯುವಾಗಲೇ ಸಂಭವಿಸಿವೆ ಎಂದು ಕಂಡುಕೊಂಡಿದ್ದಾರೆ. ಆಯಾಸ, ಆತುರ, ಗುರಿ ಮುಟ್ಟಿಯಾಯಿತೆಂಬ ನಿರಾಳ ಭಾವ ಇವು ಮೂರೂ ಕೂಡುವ ಹೊತ್ತು ಅದು. ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋಗುವ ಪರಸೆಯವರ ಕೈಯಲ್ಲಿ ಕಾಣುವ ಊರುಗೋಲು ಇಲ್ಲಿ ನಿಜಕ್ಕೂ ನೆರವಾಗುತ್ತದೆ, ಏಕೆಂದರೆ ಅದು ಮಂಡಿಯ ಮೇಲಿನ ಭಾರದ ಒಂದು ಪಾಲನ್ನು ತೋಳಿಗೆ ವರ್ಗಾಯಿಸುತ್ತದೆ ಮತ್ತು ಕಾಲಿಡುವ ಮುನ್ನ ನೆಲವನ್ನು ಪರೀಕ್ಷಿಸಲು ಅವಕಾಶ ಕೊಡುತ್ತದೆ. ಇಳಿಯುವಾಗ ಹೆಜ್ಜೆ ಚಿಕ್ಕದಾಗಿರಬೇಕು, ಮಂಡಿ ಸ್ವಲ್ಪ ಬಾಗಿರಬೇಕು, ಮೆಟ್ಟಿಲುಗಳಲ್ಲಿ ಓರೆಯಾಗಿ ಕಾಲಿಟ್ಟು ಇಳಿದರೆ ಒತ್ತಡ ಇನ್ನಷ್ಟು ಕಡಿಮೆಯಾಗುತ್ತದೆ. ಮಂಡಿನೋವಿನ ಹಿನ್ನೆಲೆಯುಳ್ಳವರು ಚಾಮುಂಡಿಯನ್ನು ಮೆಟ್ಟಿಲಿನಲ್ಲಿ ಹತ್ತಿ ಬಸ್ಸಿನಲ್ಲಿ ಇಳಿಯುವುದರಲ್ಲಿ ಯಾವ ಸಂಕೋಚಕ್ಕೂ ಕಾರಣವಿಲ್ಲ.

ಮೆಟ್ಟಿಲು ಬಿಟ್ಟು ಬರಿಯ ಬಂಡೆಯ ಮೇಲೆ ನಡೆಯುವುದನ್ನು ಕಲಿಯಲು ಮಂಡ್ಯ ಜಿಲ್ಲೆಯ ಪಾಂಡವಪುರದ ಕುಂತಿಬೆಟ್ಟ ಈ ಭಾಗದ ಪ್ರಸಿದ್ಧ ಜಾಗ. ಹೈದರ್ ಮತ್ತು ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಪಡೆ ಬೀಡು ಬಿಟ್ಟಿದ್ದರಿಂದ ಆ ಊರಿಗೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ಕುಂತಿಬೆಟ್ಟದ ಎರಡು ಕೋಡುಗಳಲ್ಲಿ ದಾರಿ ಸ್ವಲ್ಪ ದೂರ ಮೆಟ್ಟಿಲಾಗಿ, ಬಳಿಕ ಬಂಡೆಗಳ ನಡುವೆ ತೂರುತ್ತ, ಕೊನೆಗೆ ಹಾಸುಬಂಡೆಯ ಮೇಲೆ ಏರುತ್ತದೆ. ಹಾಸುಬಂಡೆಯೆಂದರೆ ಬಿರುಕಿಲ್ಲದೆ ಚಾಚಿಕೊಂಡ ಓರೆಯಾದ ಕಲ್ಲಿನ ಮೈ. ಅಲ್ಲಿ ಹಿಡಿದುಕೊಳ್ಳಲು ಏನೂ ಇರುವುದಿಲ್ಲವಾದ್ದರಿಂದ ಪಾದದ ಅಡಿಯ ಘರ್ಷಣೆಯೊಂದೇ ಮನುಷ್ಯನನ್ನು ನಿಲ್ಲಿಸುತ್ತದೆ. ಭಯವಾದಾಗ ಮುಂದಕ್ಕೆ ಬಾಗಿ ಬಂಡೆಯನ್ನು ಅಪ್ಪಿಕೊಳ್ಳುವುದು ಸಹಜ ಪ್ರವೃತ್ತಿಯಾದರೂ, ಹಾಗೆ ಬಾಗಿದರೆ ಭಾರವು ಪಾದದಿಂದ ತಪ್ಪಿ ಹಿಡಿತ ಕಡಿಮೆಯಾಗುತ್ತದೆ. ನೆಟ್ಟಗೆ ನಿಂತು ಇಡೀ ಅಂಗಾಲನ್ನು ಕಲ್ಲಿಗೆ ಒತ್ತುವುದು ಸರಿಯಾದ ಕ್ರಮ.

ಬಂಡೆಯ ಗುಣವನ್ನು ಅರಿಯುವುದೂ ಹತ್ತುವ ವಿದ್ಯೆಯ ಭಾಗ. ದಕ್ಷಿಣ ಕರ್ನಾಟಕದ ನೆಲದ ಬಹುಭಾಗ 250 ಕೋಟಿ ವರ್ಷಗಳಿಗೂ ಹಳೆಯ ಶಿಲೆಗಳಿಂದಾಗಿದ್ದು, ಚಾಮುಂಡಿ ಬೆಟ್ಟದ ಗ್ರಾನೈಟ್ ಅವುಗಳ ನಡುವೆ ಬಹಳ ತಡವಾಗಿ, ಸುಮಾರು 80 ಕೋಟಿ ವರ್ಷಗಳ ಹಿಂದೆ ಮೇಲೆದ್ದು ಗಟ್ಟಿಯಾದದ್ದು ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಗ್ರಾನೈಟ್ ಹಗಲಿನ ಬಿಸಿಲು ಮತ್ತು ಇರುಳಿನ ತಂಪಿಗೆ ಒಡ್ಡಿಕೊಂಡು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಹೀಗೆ ಸಡಿಲಗೊಂಡ ಕಲ್ಲು ಪುಡಿಯಾಗಿ ಉಳಿಯುವ ದಪ್ಪ ನೊರಜು ಹಾಸುಬಂಡೆಯ ಮೇಲೆ ಚದುರಿ ಬಿದ್ದಿರುವಾಗ ಅದರ ಮೇಲೆ ಕಾಲಿಟ್ಟವರು ಒಣ ಬೇಸಿಗೆಯಲ್ಲೂ ಜಾರುತ್ತಾರೆ. ಮಳೆಗಾಲದಲ್ಲಿ ನೀರು ಇಳಿಯುವ ಕಡೆ ಕಪ್ಪು ಪಟ್ಟೆಗಳಾಗಿ ಬೆಳೆಯುವ ಪಾಚಿ ಒಣಗಿದಾಗ ಒರಟಾಗಿ ಕಾಣುತ್ತದೆ, ನಾಲ್ಕು ಹನಿ ಬಿದ್ದ ಕೂಡಲೇ ಎಣ್ಣೆ ಸವರಿದಷ್ಟು ನುಣುಪಾಗುತ್ತದೆ. ಕಪ್ಪು ಪಟ್ಟೆಯನ್ನು ತಪ್ಪಿಸಿ ಬೂದುಬಣ್ಣದ ಒಣ ಕಲ್ಲಿನ ಮೇಲೆ ಕಾಲಿಡುವ ಅಭ್ಯಾಸ ಒಮ್ಮೆ ಮೈಗೂಡಿದರೆ ಮತ್ತೆ ಬಿಡುವುದಿಲ್ಲ. ಬಂಡೆಗಿಂತ ಅದರ ಮೇಲಿನ ಸಡಿಲ ಮಣ್ಣು ಇನ್ನೂ ದುರ್ಬಲವೆಂಬುದನ್ನು 2021ರ ಅಕ್ಟೋಬರ್‌ನಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆಯ ಅಂಚು ಮಳೆಗೆ ಕುಸಿದದ್ದು ತೋರಿಸಿತು. ನಾಲ್ಕು ದಿನ ಬಿಡದೆ ಮಳೆ ಸುರಿದ ಬಳಿಕದ ರಜೆಯಲ್ಲಿ ಬೆಟ್ಟಕ್ಕೆ ಹೋಗದಿರುವುದು ಹೊಸಬರಿಗೆ ಮಾತ್ರವಲ್ಲ, ಎಲ್ಲರಿಗೂ ಒಳ್ಳೆಯದು.

ಹೆಜ್ಜೇನಿನ ಬಗ್ಗೆಯೂ ಇಲ್ಲೇ ಹೇಳಬೇಕು. ದೊಡ್ಡ ಬಂಡೆಗಳ ಚಾಚಿನ ಕೆಳಗೆ ಒಂದೇ ಹಲ್ಲೆಯಾಗಿ ಗೂಡು ಕಟ್ಟುವ ಈ ಜೇನು ಹೊಗೆ, ಗಾಢವಾದ ಸುಗಂಧ, ಕಿರುಚಾಟ, ಕಲ್ಲೆಸೆತಗಳಿಗೆ ಕೆರಳುತ್ತದೆ ಮತ್ತು ಗುಂಪಾಗಿ ಬೆನ್ನಟ್ಟುತ್ತದೆ. ಎದ್ದ ಹುಳುಗಳನ್ನು ಕೈಯಿಂದ ಓಡಿಸಲು ನೋಡದೆ, ಮುಖ ಮತ್ತು ಕತ್ತನ್ನು ಬಟ್ಟೆಯಿಂದ ಮುಚ್ಚಿಕೊಂಡು, ಕಾಲು ಜಾರದಂತೆ ಎಷ್ಟು ಬೇಗ ದೂರ ಸರಿಯಲು ಸಾಧ್ಯವೋ ಅಷ್ಟು ಬೇಗ ಸರಿಯಬೇಕು. ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಊತ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಹೊತ್ತಿನ ಲೆಕ್ಕಕ್ಕೆ 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ರೂಪಿಸಿದ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಹತ್ತುವ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ ಎಂಬುದು ಅದರ ಸಾರ. ಹೋಗಿ ಬರುವ ದಾರಿ ಒಟ್ಟು 6 ಕಿಲೋಮೀಟರ್, ಹತ್ತುವ ಎತ್ತರ 300 ಮೀಟರ್ ಎಂದಿಟ್ಟುಕೊಂಡರೆ ದೂರಕ್ಕೆ ಒಂದು ಗಂಟೆ ಹನ್ನೆರಡು ನಿಮಿಷ, ಎತ್ತರಕ್ಕೆ ಅರ್ಧ ಗಂಟೆ, ಒಟ್ಟು ಒಂದು ಗಂಟೆ ನಲವತ್ತೆರಡು ನಿಮಿಷವಾಗುತ್ತದೆ. ಈ ಸೂತ್ರ ಪಳಗಿದ ಕಾಲುಗಳಿಗೆ ಮಾಡಿದ್ದಾದ್ದರಿಂದ ಹೊಸಬರು ಅದರ ಅರ್ಧದಷ್ಟನ್ನು ಸೇರಿಸಿ ಎರಡೂವರೆ ಗಂಟೆಯೆಂದೂ, ಕೂತು ತಿನ್ನಲು, ನೋಡಲು ಒಂದು ಗಂಟೆಯೆಂದೂ, ಯಾರಿಗಾದರೂ ಕಾಲು ಉಳುಕಿದರೆ ಬೇಕಾಗುವ ಮೀಸಲು ಒಂದು ಗಂಟೆಯೆಂದೂ ಹಿಡಿದು ನಾಲ್ಕೂವರೆ ಗಂಟೆಯನ್ನು ಎತ್ತಿಡಬೇಕು. ನವೆಂಬರ್ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ, ಮಧ್ಯಾಹ್ನ ಒಂದೂಕಾಲರ ಬಳಿಕ ಇಂಥ ಬೆಟ್ಟಕ್ಕೆ ಕಾಲಿಡಲೇಬಾರದು ಎಂದು ಲೆಕ್ಕ ಹೇಳುತ್ತದೆ. ಬಿಸಿಲನ್ನೂ ಎಣಿಕೆಗೆ ತೆಗೆದುಕೊಂಡರೆ ಬೆಳಿಗ್ಗೆ ಏಳಕ್ಕೆ ಹತ್ತಲು ತೊಡಗಿ ಹನ್ನೊಂದೂವರೆಯೊಳಗೆ ಬುಡದಲ್ಲಿರುವುದು ಉತ್ತಮ. ಹೊರಡುವ ಮುನ್ನವೇ ಹಿಂತಿರುಗುವ ಗಡಿಹೊತ್ತನ್ನು ಗುಂಪಿನ ಎಲ್ಲರೂ ಒಪ್ಪಿಕೊಂಡಿದ್ದು, ಆ ಹೊತ್ತಿಗೆ ತುದಿ ಇನ್ನೂರು ಹೆಜ್ಜೆ ದೂರವಿದ್ದರೂ ತಿರುಗಿಬಿಡುವ ಗುಂಪೇ ಒಳ್ಳೆಯ ಗುಂಪು.

ಸಾಮಾನಿನ ವಿಷಯದಲ್ಲಿ ಅಂಗಡಿಯವರು ಹೇಳುವಷ್ಟು ಬೇಕಿಲ್ಲ. ಹಿಡಿತವಿರುವ ಅಟ್ಟೆಯ, ಮೊದಲೇ ಹಾಕಿ ಪಳಗಿಸಿದ ಬೂಟು, ಉದ್ದ ತೋಳಿನ ಹತ್ತಿಯ ಅಂಗಿ, ಟೋಪಿ, ಬೆನ್ನಿಗೆ ಸರಿಯಾಗಿ ಕೂರುವ ಚೀಲ, ಟಾರ್ಚು, ಸೀಟಿ, ಗಾಯಕ್ಕೆ ಸುತ್ತುವ ಪಟ್ಟಿ ಇಷ್ಟಿದ್ದರೆ ಒಂದು ದಿನಕ್ಕೆ ಸಾಕು. ನೀರಿನಲ್ಲಿ ಮಾತ್ರ ಜಿಪುಣತನ ಕೂಡದು. ಬಿಸಿಲಿನಲ್ಲಿ ಹತ್ತುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರಿನವರೆಗೆ ಬೆವರು ಹೋಗುತ್ತದೆ, ತುದಿಯ ದೊಣೆಗಳಲ್ಲಿ ನಿಂತ ನೀರು ಕುಡಿಯಲು ಯೋಗ್ಯವಲ್ಲ, ಆದ್ದರಿಂದ ತಲೆಗೆ ಎರಡು ಮೂರು ಲೀಟರ್ ಹೊರಲೇಬೇಕು. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿದ ಪಾನಕ ಬರಿಯ ನೀರಿಗಿಂತ ಉತ್ತಮ. ಬುತ್ತಿಗೆ ರೊಟ್ಟಿ ಚಟ್ನಿ, ಚಿತ್ರಾನ್ನ, ಕಡಲೆಕಾಯಿ ಬೆಲ್ಲ, ನಂಜನಗೂಡಿನ ರಸಬಾಳೆ ಸಿಕ್ಕರೆ ಅದು, ಎಲ್ಲವೂ ಆಗುತ್ತದೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಒಯ್ಯದಿದ್ದರೆ ಬಿಸಾಡುವ ಪ್ರಶ್ನೆಯೇ ಬರುವುದಿಲ್ಲ.

ಚಾಮುಂಡಿ, ಕುಂತಿಬೆಟ್ಟಗಳಲ್ಲಿ ಕೈ ಪಳಗಿದವರ ಕಣ್ಣು ಸಹಜವಾಗಿ ದಕ್ಷಿಣದ ಕಾಡಿನ ಬೆಟ್ಟಗಳ ಮೇಲೆ ಬೀಳುತ್ತದೆ. ಇಲ್ಲಿ ಕಾನೂನನ್ನು ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಕಲಮಿನ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಹೊರಗಿನವರು ಪ್ರವೇಶಿಸುವಂತಿಲ್ಲ. ಮೀಸಲು ಅರಣ್ಯದೊಳಗಿನ ಅತಿಕ್ರಮ ಪ್ರವೇಶವೂ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಂತರ್ಜಾಲದ ಚಿತ್ರಗಳಲ್ಲಿ ಕಾಲುದಾರಿ ಕಂಡಿತೆಂಬ ಮಾತ್ರಕ್ಕೆ ಅಲ್ಲಿ ನಡೆಯುವ ಹಕ್ಕು ಬರುವುದಿಲ್ಲ. ಬಂಡೀಪುರದೊಳಗಿರುವ, 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ತಪ್ಪಲಿನಲ್ಲಿ ನಿಲ್ಲಿಸಿ ಕೆಎಸ್ಸಾರ್ಟಿಸಿ ಬಸ್ಸಿನಲ್ಲೇ ಹೋಗಬೇಕು, ನಡೆದು ಹತ್ತುವಂತಿಲ್ಲ. ಎತ್ತರ 100 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 0.65 ಡಿಗ್ರಿ ಇಳಿಯುವುದರಿಂದ ನಂಜನಗೂಡಿಗಿಂತ ಸುಮಾರು 5 ಡಿಗ್ರಿ ತಂಪಾಗಿರುವ ಆ ಹುಲ್ಲುಗಾವಲಿನ ಗಾಳಿಗೆ ಮೈಯೊಡ್ಡಿ ನಡೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಆನೆಗಳು ಹಗಲಲ್ಲೇ ಅಡ್ಡಾಡುವ ಆ ದಾರಿಯಲ್ಲಿ ಈ ನಿರ್ಬಂಧ ಪೂರ್ತಿ ನ್ಯಾಯವಾದದ್ದು.

ಅನುಮತಿಯ ವ್ಯವಸ್ಥೆ ಬಿಗಿಯಾದದ್ದಕ್ಕೆ ಹತ್ತಿರದ ಕಾರಣ ಈ ಬೆಟ್ಟಗಳಲ್ಲ, ದಕ್ಷಿಣ ಕನ್ನಡ ಮತ್ತು ಕೊಡಗಿನ ಗಡಿಯ ಕುಮಾರಪರ್ವತ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಅಲ್ಲಿ ಇರುವೆಸಾಲಿನಂತೆ ಜನ ತುಂಬಿದ ದೃಶ್ಯಗಳು ಹರಿದಾಡಿದ ಬಳಿಕ, ಮುಂಗಡ ನೋಂದಣಿಯಿಲ್ಲದ ದಾರಿಗಳಲ್ಲಿ ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣದ ಮೂಲಕ ನೋಂದಣಿಯನ್ನು ಆರಂಭಿಸಿ, ಒಂದು ದಾರಿಗೆ ದಿನಕ್ಕೆ 300 ಮಂದಿಯೆಂಬ ಮಿತಿಯನ್ನು ವಿಧಿಸಲಾಯಿತು. ಹೀಗೆ ನೋಂದಾಯಿಸಿ ಮಾರ್ಗದರ್ಶಿಯೊಂದಿಗೆ ಹೋಗುವ ಕಾಡುದಾರಿ ಹೊಸಬರ ನಾಲ್ಕನೆಯದೋ ಐದನೆಯದೋ ಬೆಟ್ಟವಾಗಬಹುದು, ಮೊದಲನೆಯದಾಗಬಾರದು. ಮಹದೇಶ್ವರ ಬೆಟ್ಟದಿಂದ ಇಂಡಿಗನತ್ತದ ಮೂಲಕ ಸಾಗುವ ನಾಗಮಲೆಯ ದಾರಿಯೂ ಹಾಗೆಯೇ. ಅದು ಕಡಿದಲ್ಲದಿದ್ದರೂ ಉದ್ದವಾದ, ಏರಿಳಿತಗಳ, ಹಿಂತಿರುಗುವಾಗಲೂ ಮತ್ತೆ ಹತ್ತಬೇಕಾದ ದಾರಿ. ಶಿವರಾತ್ರಿಯ ಹೊತ್ತಿಗೆ ಕನಕಪುರದ ಕಡೆಯಿಂದ ಕಾವೇರಿಯನ್ನು ಕಾಲ್ನಡಿಗೆಯಲ್ಲೇ ದಾಟಿ ಮಹದೇಶ್ವರನ ಬಳಿಗೆ ಬರುವ ಭಕ್ತರನ್ನು ಕಂಡು ತಮಗೂ ಇದು ಸುಲಭವೆಂದು ಭಾವಿಸುವವರು, ಆ ಭಕ್ತರು ವರ್ಷವಿಡೀ ಹೊಲದಲ್ಲಿ ದುಡಿದು ಹದಗೊಂಡ ಕಾಲುಗಳಿಂದ ನಡೆಯುತ್ತಾರೆಂಬುದನ್ನು ಮರೆಯುತ್ತಾರೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ದಾರಿಯನ್ನು ಬಲ್ಲವರು ಸೋಲಿಗರು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಈ ಕಾಡಿನಲ್ಲಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ದೊರೆತು, ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದ ದೇಶದ ಮೊದಲ ಸಮುದಾಯವೆಂದು ಅವರು ಹೆಸರಾದರು. ಆನೆ ಹಾದುಹೋಗಿ ಎಷ್ಟು ಹೊತ್ತಾಯಿತೆಂದು ಲದ್ದಿಯ ಬಿಸಿಯಿಂದ, ಮುರಿದ ಕೊಂಬೆಯ ಹಸಿಯಿಂದ ಹೇಳಬಲ್ಲವರು ಮುಂದೆ ನಡೆಯುವಾಗ ಅವರು ನಿಲ್ಲು ಎಂದ ಕಡೆ ನಿಲ್ಲುವುದು, ಹಿಂದಕ್ಕೆ ಎಂದಾಗ ಕಾರಣ ಕೇಳದೆ ತಿರುಗುವುದು ಕಾಡಿನ ಚಾರಣದ ಅರ್ಧ ವಿದ್ಯೆ. ಸೋಲಿಗರ ದುಡಿಮೆಗೆ ಸರಿಯಾದ ಕೂಲಿ ಸಲ್ಲುವಂತೆ ನೋಡಿಕೊಳ್ಳುವುದು ಚಾರಣಿಗರ ಹೊಣೆಯೂ ಹೌದು. ಬೂಟಿಗೆ ಸಾವಿರಾರು ರೂಪಾಯಿ ಕೊಟ್ಟವರು ದಾರಿ ತೋರಿಸಿದವರೊಂದಿಗೆ ಚೌಕಾಸಿ ಮಾಡುವುದು ತೀರ ಸಲ್ಲದ ನಡತೆ.

ಕಾಲದ ಆಯ್ಕೆಯಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಅಕ್ಟೋಬರ್ ಮತ್ತು ನವೆಂಬರ್ ಮೊದಲರ್ಧದಲ್ಲಿ ಹಿಂಗಾರು ಈ ಸೀಮೆಯಲ್ಲಿ ಜೋರಾಗಿ ಸುರಿಯುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ಗುಡುಗು ಸಿಡಿಲಿನ ಮಳೆ ಬರುತ್ತದೆ, ಬೋಳು ಬೆಟ್ಟದ ತುದಿಯಲ್ಲಿ ನಿಂತವರೇ ಆಗ ಅತಿ ಎತ್ತರದ ವಸ್ತುವಾಗಿರುತ್ತಾರೆ. ನವೆಂಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಬಂಡೆ ಒಣಗಿ, ಗಾಳಿ ತಂಪಾಗಿ, ದೂರದ ಸಾಲುಗಳು ನಿಚ್ಚಳವಾಗಿ ಕಾಣುತ್ತವೆ. ಅಲ್ಲಿಂದ ಮುಂದೆ ಕಾಡಿನ ಬೆಟ್ಟಗಳಲ್ಲಿ ಬೆಂಕಿಯ ಕಾಲ. 2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರದಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಹಬ್ಬಿದ ಕಾಳ್ಗಿಚ್ಚು ಕೆಲವೇ ದಿನಗಳಲ್ಲಿ ಸಾವಿರಾರು ಎಕರೆಯನ್ನು ಸುಟ್ಟುಹಾಕಿತು. ಬೇಸಿಗೆಯಲ್ಲಿ ಅರಣ್ಯ ಇಲಾಖೆ ಕಾಡುದಾರಿಗಳನ್ನು ಮುಚ್ಚುವುದು ಇದೇ ಕಾರಣಕ್ಕೆ, ಮತ್ತು ಒಣ ಹುಲ್ಲಿನ ನಡುವೆ ಬೀಡಿ ಹಚ್ಚುವ, ಒಲೆ ಹೂಡುವ ಒಬ್ಬನಿಂದ ಮುಂದಿನ ವರ್ಷವೂ ಎಲ್ಲರ ದಾರಿ ಮುಚ್ಚಬಹುದು. ಹೀಗೆ ಕಾಡು ಮುಚ್ಚಿದ ತಿಂಗಳುಗಳಲ್ಲಿ ಅಭ್ಯಾಸ ತಪ್ಪಬಾರದೆನ್ನುವವರಿಗೆ ಮುಡುಕುತೊರೆ, ಕನಕಗಿರಿ, ಚಾಮುಂಡಿಯ ಮೆಟ್ಟಿಲುಗಳಿವೆ, ಬೆಳಕು ಹರಿದ ಕೂಡಲೇ ತೊಡಗಿ ಬಿಸಿಲೇರುವ ಮುನ್ನ, ಒಂಬತ್ತು ಗಂಟೆಯೊಳಗೆ ಇಳಿದುಬಿಡುವುದಾದರೆ.